ಮೊದಲನೆಯ ಸಾಕು

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಬಸಲಿಂಗಪ್ಪನ ಖಾನಾವಳಿ ಇದೆ. ಅಲ್ಲಿ ಯಾವ ಗೋಡೆಯ ಮೇಲೂ ಬರೆಯದ ಒಂದು ಕಾಯಿದೆ ಇತ್ತು. ಉಣ್ಣುವವನು ಹೇಳುವ ಮೊದಲನೆಯ 'ಸಾಕು' ಲೆಕ್ಕಕ್ಕಿಲ್ಲ, ಅದು ಮರ್ಯಾದೆಗೆ ಹೇಳುವ ಮಾತು. ಎರಡನೆಯ 'ಸಾಕು' ಅನುಮಾನದ್ದು, ಅರ್ಧ ರೊಟ್ಟಿ ಹಾಕಿ ನೋಡಬೇಕು. ಉಣ್ಣುವವನು ಬಾಯಿ ಮುಚ್ಚಿಕೊಂಡು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಮಾತ್ರ ಅವನ ಹೊಟ್ಟೆ ತುಂಬಿದೆ ಎಂದು ನಂಬಿ ಮುಂದಿನ ತಾಟಿಗೆ ಹೋಗಬೇಕು. ಬಸಲಿಂಗಪ್ಪನ ಅಪ್ಪ ಹಾಕಿದ ಕಾಯಿದೆ ಅದು. ಮನುಷ್ಯನ ಬಾಯಿ ಸುಳ್ಳು ಹೇಳುತ್ತದೆ, ಕೈ ಹೇಳುವುದಿಲ್ಲ ಎಂದು ಮುದುಕ ನಂಬಿದ್ದ.

ರೊಟ್ಟಿ ಬಡಿಯಲು ಹೆಂಗಸರಿದ್ದರು, ಪಲ್ಯ ಸಾರಿಗೆ ಹೆಂಡತಿ ಮಹಾನಂದಾ ಇದ್ದಳು, ಆದರೆ ನೀಡುವ ಬುಟ್ಟಿಯನ್ನು ಬಸಲಿಂಗಪ್ಪ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಅವನು ಬುಟ್ಟಿ ಹಿಡಿದು ಬೆಂಚುಗಳ ನಡುವೆ ಬಂದರೆ ಉಣ್ಣುತ್ತಿದ್ದವರು ಮುಂದಕ್ಕೆ ಬಾಗಿ ಅವನ ಹೊಟ್ಟೆಗೆ ದಾರಿ ಬಿಡಬೇಕಾಗುತ್ತಿತ್ತು. ಓಣಿಯವರು ಆ ಹೊಟ್ಟೆಯನ್ನೇ ಖಾನಾವಳಿಯ ಬೋರ್ಡು ಎನ್ನುತ್ತಿದ್ದರು. ನೀಡುವವನೇ ಸೊರಗಿದ್ದರೆ ಅಡಿಗೆಯ ಮೇಲೆ ಯಾರಿಗೆ ನಂಬಿಕೆ ಬಂದೀತು ಎಂದು ಅವನೂ ನಗುತ್ತಿದ್ದ.

ಒಂದು ಬೆಳಿಗ್ಗೆ ಜೋಳದ ಚೀಲ ಸರಿಸಲು ಹೋಗಿ ಉಸಿರು ಸಿಗದೆ ನೆಲಕ್ಕೆ ಕುಸಿದ ಮೇಲೆ ನಗು ನಿಂತಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಮೊಣಕಾಲು ಹೋಗಿದ್ದವು, ಈಗ ಹೃದಯವೂ ತಕರಾರು ತೆಗೆದಿತ್ತು. ತೂಕ ಇಳಿಯದಿದ್ದರೆ ಹೃದಯ ಬಹಳ ದಿನ ತಾಳುವುದಿಲ್ಲ ಎಂದು ಹೇಳಿದ ಡಾಕ್ಟರು 'ತೃಪ್ತಿ' ಎಂಬ ತೂಕ ಇಳಿಸುವ ಔಷಧ ಹಾಕಿಸಿಕೊಳ್ಳಲು ಚೀಟಿ ಬರೆದರು. ಬಸಲಿಂಗಪ್ಪ ಆ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ತಂಗಿಯ ಹತ್ತಿರ ಧಾರವಾಡಕ್ಕೆ ಹೋದ.

ತಂಗಿ ದಾಕ್ಷಾಯಣಿ ಆ ಔಷಧದ ಮೇಲೆಯೇ ಕಣ್ಣಿಡುವ ಕೆಲಸದಲ್ಲಿದ್ದಳು. ಔಷಧ ನಿಗಾ ಕೇಂದ್ರದ ಧ್ವನಿ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅಣ್ಣ ಬೇರೆ ಯಾರ ಮಾತನ್ನೂ ಕೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

"ನೀ ಹೂಂ ಅಂದ್ರ ಹಾಕಿಸ್ಕೋತೀನಿ," ಎಂದ ಬಸಲಿಂಗಪ್ಪ.

"ದಿನಾ ಸಾವಿರಾರು ಮಂದಿ ಮಾತು ಕೇಳ್ತೀನಿ ಅಣ್ಣಾ. ಚಲೋ ಐತಿ. ಹಾಕಿಸ್ಕೋ," ಎಂದಳು ದಾಕ್ಷಾಯಣಿ. ಸುಳ್ಳು ಹೇಳಲಿಲ್ಲ, ತನಗೆ ಗೊತ್ತಿದ್ದದ್ದನ್ನೇ ಹೇಳಿದಳು.

ತೃಪ್ತಿ ಎಂಬುದು ಅಕ್ಕಿಕಾಳಿನಷ್ಟೇ ಸಣ್ಣ ಗುಳಿಗೆ. ಅದನ್ನು ತೋಳಿನ ಒಳಬದಿಯಲ್ಲಿ ಚರ್ಮದ ಕೆಳಗೆ ಕೂಡಿಸುತ್ತಿದ್ದರು. ಹಿಂದಿನ ಕಾಲದ ವಾರಕ್ಕೊಂದು ಸೂಜಿ ಹೊಟ್ಟೆಯ ಕೆಲಸವನ್ನು ನಿಧಾನ ಮಾಡಿ, ತುಂಬಿತು ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಿತ್ತು. ಅದರ ಜೊತೆಗೆ ವಾಕರಿಕೆ, ವಾಂತಿ, ಕೆಲವರಿಗೆ ಪಿತ್ತಕೋಶದ ಕಲ್ಲು, ಇನ್ನು ಕೆಲವರಿಗೆ ಕೊಬ್ಬಿನ ಕೂಡ ಸ್ನಾಯುವೂ ಕರಗುವುದು, ಇವೆಲ್ಲ ಬರುತ್ತಿದ್ದವು. ತೃಪ್ತಿಯನ್ನು ಮಾಡಿದವರು ಹೊಟ್ಟೆಯ ಉಸಾಬರಿಯೇ ಬೇಡವೆಂದು ನೇರವಾಗಿ ಮಿದುಳಿಗೆ ಹೋದರು. ತಿನ್ನಬೇಕೆಂಬ ಆಸೆ ಏಳುವ ಹೊತ್ತನ್ನು ಗುಳಿಗೆ ರಕ್ತದಲ್ಲಿ ಗುರುತಿಸಿ, ಆಸೆ ಎದ್ದು ನಿಲ್ಲುವ ಮುಂಚೆಯೇ ಅದನ್ನು ಕೂಡಿಸಿಬಿಡುತ್ತಿತ್ತು. ವಾಂತಿಯಿಲ್ಲ, ಸಂಕಟವಿಲ್ಲ. ನಾಡಿನ ಲಕ್ಷಾಂತರ ತೋಳುಗಳಲ್ಲಿ ಅದು ಸದ್ದಿಲ್ಲದೆ ಕೂತಿತ್ತು.

ಹಾಗೆ ಕೂತದ್ದು ಏನು ಮಾಡುತ್ತಿದೆ ಎಂದು ವಿಚಾರಿಸಲು ಒಂದು ಯಂತ್ರವಿತ್ತು. ಅದಕ್ಕೆ ಕೇಂದ್ರದಲ್ಲಿ ಎಲ್ಲರೂ 'ಕಿವಿ' ಎನ್ನುತ್ತಿದ್ದರು. ಗುಳಿಗೆ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಕಿವಿ ವಾರಕ್ಕೊಮ್ಮೆ ಫೋನು ಮಾಡಿ, ಹೇಗಿದ್ದೀರಿ, ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತಿತ್ತು. ಬೀದರಿನವರು ಬೀದರಿನಂತೆ, ಮಂಗಳೂರಿನವರು ಮಂಗಳೂರಿನಂತೆ ಉತ್ತರ ಹೇಳಿದರೆ ಅದಕ್ಕೆ ತಿಳಿಯುತ್ತಿತ್ತು. ಹೊಟ್ಟೆ ತೊಳೆಸುತ್ತದೆ ಎಂದರೆ ಹಳದಿ, ಪಕ್ಕೆಯಲ್ಲಿ ಹಿಡಿದುಕೊಂಡಿದೆ ಎಂದರೆ ಕೆಂಪು, ಏನೂ ಇಲ್ಲ ಎಂದರೆ ಹಸಿರು. ಕೆಂಪು ಕಂಡರೆ ಊರಿನ ಡಾಕ್ಟರಿಗೆ ಆ ಕ್ಷಣವೇ ಸುದ್ದಿ ಹೋಗುತ್ತಿತ್ತು. ಇದರಿಂದ ಎಷ್ಟೋ ಜನ ಬದುಕಿದ್ದರು.

ಕಿವಿಗೆ ಕನ್ನಡ ಕಲಿಸಿದ ಗುಂಪಿನಲ್ಲಿ ದಾಕ್ಷಾಯಣಿ ಇದ್ದಳು. ಔಷಧ ಸರಿಯಾಗಿ ಕೆಲಸ ಮಾಡಿದವರು ಏನೆನ್ನುತ್ತಾರೆ ಎಂಬ ಪ್ರಶ್ನೆ ಬಂದಾಗ ಉಳಿದವರು ಸಂತೃಪ್ತಿ, ಪೂರ್ಣತೆ ಎಂದೆಲ್ಲ ಪುಸ್ತಕದ ಪದಗಳನ್ನು ಹುಡುಕುತ್ತಿದ್ದರು. ಅವಳು ನಕ್ಕು, ನಮ್ಮ ಮಂದಿ ಹೊಟ್ಟೆ ತುಂಬಿದರೆ 'ಸಾಕು' ಎನ್ನುತ್ತಾರೆ, ಅಷ್ಟೇ ಎಂದಿದ್ದಳು. ಎಲ್ಲರಿಗೂ ಅದು ಹಿಡಿಸಿತು. ಅಂದಿನಿಂದ ಸಾಕು, ಸಾಕಾತು, ಸಾಕಾಗೇತಿ, ಸಾಕಾಗಿದೆ, ಸಾಕನಿಸ್ತದೆ ಎಲ್ಲವೂ ಹಸಿರು. ಖಾನಾವಳಿಯಲ್ಲಿ ಹುಟ್ಟಿ ಬೆಳೆದವಳು ಖಾನಾವಳಿಯ ಮೊದಲ ಕಾಯಿದೆಯನ್ನೇ ಮರೆತಿದ್ದಳು.

ಈಗ ಬೆಂಗಳೂರಿನ ಸಮಿತಿಯೊಂದು ತೃಪ್ತಿಯನ್ನು ಡಾಕ್ಟರ ಚೀಟಿಯಿಲ್ಲದೆ ಔಷಧ ಅಂಗಡಿಯಲ್ಲೇ ಮಾರಲು ಅನುಮತಿ ಕೊಡುವ ವಿಚಾರದಲ್ಲಿತ್ತು. ಕೇಂದ್ರದ ಅಭಿಪ್ರಾಯ ಒಂದು ಬಂದರಾಯಿತು. ದೊಡ್ಡ ಪರದೆಯ ಮುಂದೆ ಕೂತು ಇಮ್ತಿಯಾಜ ಹಸಿರನ್ನು ನೋಡಿ ನೋಡಿ ಆಕಳಿಸುತ್ತಿದ್ದ. ಕಿವಿಯನ್ನು ನಡೆಸುವ ಎಂಜಿನಿಯರ್ ಅವನು, ವಿಜಯಪುರದ ಕಡೆಯವ. ಇಷ್ಟು ಹಸಿರು ತಮ್ಮ ಊರಿನ ಹೊಲದಲ್ಲೂ ನೋಡಿಲ್ಲ ಎಂದು ದಿನಾ ಒಂದು ಸಲ ಹೇಳುತ್ತಿದ್ದ. ದಾಕ್ಷಾಯಣಿಯೂ ಅಭಿಪ್ರಾಯವನ್ನು ಬರೆದು ಮುಗಿಸಿದ್ದಳು, ಸಹಿ ಮಾಡುವುದಷ್ಟೇ ಬಾಕಿ. ನಡುವೆ ಒಂದು ರವಿವಾರ ಬಂತು, ಅಣ್ಣನನ್ನು ನೋಡಿ ಬಹಳ ದಿನವಾಯಿತೆಂದು ಹುಬ್ಬಳ್ಳಿಗೆ ಹೋದಳು.

ಬಸಲಿಂಗಪ್ಪ ಗುರುತು ಸಿಗದಷ್ಟು ಇಳಿದಿದ್ದ. ಹಳೆಯ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಸಕ್ಕರೆ ಹತೋಟಿಗೆ ಬಂದಿತ್ತು, ಮೆಟ್ಟಿಲನ್ನು ಹುಡುಗನಂತೆ ಹತ್ತುತ್ತಿದ್ದ. ದಾಕ್ಷಾಯಣಿಗೆ ಖುಷಿಯಾಯಿತು. ಗಿರಾಕಿಗಳ ಸಾಲಿನಲ್ಲೇ ಕೂತು ತಾಟು ಹಾಕಿಸಿಕೊಂಡಳು. ಮುಳಗಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು, ಬಿಸಿ ರೊಟ್ಟಿ. ಹಸಿವೆ ಜೋರಾಗಿತ್ತು. ಎರಡು ರೊಟ್ಟಿ ಮುಗಿಯುವ ಹೊತ್ತಿಗೆ ಅಣ್ಣ ಬುಟ್ಟಿ ಹಿಡಿದು ಎದುರಿಗೆ ಬಂದು ನಿಂತ.

"ಸಾಕು," ಎಂದಳು, ಎಲ್ಲರೂ ಹೇಳುವ ಹಾಗೆ, ರೂಢಿಯ ಬಲದಿಂದ.

ಬಸಲಿಂಗಪ್ಪ ಮುಂದಿನ ತಾಟಿಗೆ ಹೋದ.

ದಾಕ್ಷಾಯಣಿ ಖಾಲಿ ತಾಟಿನ ಮುಂದೆ ಕೂತೇ ಇದ್ದಳು. ಮೊದಲು ನಗು ಬಂತು, ಆಮೇಲೆ ಸಣ್ಣ ಹುಡುಗಿಯ ಹಾಗೆ ಅಳು ಬರುವಂತಾಯಿತು. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅವಳು ಹಸಿದು ಎದ್ದದ್ದಿಲ್ಲ. ಮುಂದಿನ ಬೆಂಚಿನಲ್ಲಿದ್ದ ಲಾರಿ ಡ್ರೈವರನೂ ಸಾಕು ಅಂದ, ಅವನನ್ನೂ ದಾಟಿ ಅಣ್ಣ ಹೋದ. ಡ್ರೈವರ ತಲೆಯೆತ್ತಿ ಅವನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿ, ಬೆರಳು ನೆಕ್ಕಿ ಎದ್ದ. ಜಗಳವಿಲ್ಲ, ಬೇಸರವಿಲ್ಲ. ಖಾನಾವಳಿ ತಣ್ಣಗೆ ನಡೆಯುತ್ತಿತ್ತು.

ಅಡಿಗೆಮನೆಯಲ್ಲಿ ಮಹಾನಂದಾ ಒಲೆಯ ಮುಂದೆ ಕೂತಿದ್ದಳು. ವೈನಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ದಾಕ್ಷಾಯಣಿ ಅಣ್ಣನಿಗೆ ಏನಾಗಿದೆ ಎಂದು ಕೇಳಿದಳು. ಮಹಾನಂದಾ ಬಹಳ ಹೊತ್ತು ಏನೂ ಇಲ್ಲ ಎಂದೇ ಸಾಧಿಸಿದಳು. ಆಮೇಲೆ ಒಂದೊಂದೇ ಹೊರಬಂತು. ಕುಸ್ತಿ ಎಂದರೆ ಪ್ರಾಣ ಬಿಡುತ್ತಿದ್ದವನು ಈಗ ಅಖಾಡದ ಕಡೆ ಹಾಯುವುದಿಲ್ಲ. ಮಗಳಿಗೆ ಬಂದ ಸಂಬಂಧದ ಮಾತೆತ್ತಿದರೆ, ಹೂಂ ಮಾಡ್ರಿ ಎನ್ನುತ್ತಾನೆ, ಬೇಡ ಎನ್ನೋಣವೇ ಎಂದರೆ ಅದಕ್ಕೂ ಹೂಂ. ಅಳುವುದಿಲ್ಲ, ಸಿಡುಕುವುದಿಲ್ಲ, ನಿದ್ದೆ ಸರಿಯಾಗಿ ಮಾಡುತ್ತಾನೆ. ಓಣಿಯ ಹೆಂಗಸರು ನಿನ್ನ ಗಂಡ ಎಷ್ಟು ಶಾಂತನಾದ, ಪುಣ್ಯವಂತೆ ನೀನು ಎಂದು ಇವಳಿಗೇ ಹೇಳುತ್ತಾರೆ.

"ಹೋದ ವಾರ ಅವ್ರ ಸಾರಿನ ಬಟ್ಟಲಿಗಷ್ಟ ಎರಡರಷ್ಟು ಉಪ್ಪು ಹಾಕಿದೆ," ಎಂದಳು ಮಹಾನಂದಾ, ದನಿ ತಗ್ಗಿಸಿ. "ಬೈಲಿ ಅಂತ ಹಾಕಿದೆ ದಾಕ್ಷಾ. ಬಟ್ಟಲಾ ತೆಗೆದು ಒಗೀಲಿ ಅಂತ. ಸುಮ್ನ ಉಂಡು ಎದ್ದು ಹೋದ್ರು."

"ಆಮ್ಯಾಲೆ?"

"ಇನ್ನೊಂಚೂರು ನೀಡ್ಲೇನು ಅಂದೆ. ಸಾಕು ಅಂದ್ರು. ಈಗ ಎಲ್ಲಾಕ್ಕೂ ಅದೊಂದ ಮಾತು. ಊಟಕ್ಕೂ ಸಾಕು, ನನಗೂ ಸಾಕು."

ದಾಕ್ಷಾಯಣಿಗೆ ತಾನು ಕಿವಿಗೆ ಕಲಿಸಿದ ಮಾತು ಅಡಿಗೆಮನೆಯ ಹೊಗೆಯಲ್ಲಿ ಬೇರೆಯೇ ಕೇಳಿಸಿತು. ಊರಲ್ಲಿ ಯಾರಾದರೂ 'ಸಾಕಾಗೇತಿ' ಎಂದರೆ ಹೊಟ್ಟೆ ತುಂಬಿದೆ ಎಂದು ಯಾರು ತಿಳಿಯುತ್ತಾರೆ? ಬದುಕು ರೋಸಿತು ಎಂದೇ ತಿಳಿಯುತ್ತಾರೆ. ಎರಡಕ್ಕೂ ಕನ್ನಡದಲ್ಲಿ ಇರುವುದು ಒಂದೇ ಪದ. ಅವಳು ಅದರ ಒಂದು ಮುಖವನ್ನು ಮಾತ್ರ ಯಂತ್ರಕ್ಕೆ ಕೊಟ್ಟಿದ್ದಳು.

ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಹೋದವಳೇ, 'ಸಾಕು' ಎಂದಿರುವ ಕರೆಗಳನ್ನು ಹಾಕು, ಅಂಕಿ ಬೇಡ, ದನಿ ಕೇಳಬೇಕು ಎಂದಳು. ಹಸಿರು ಕರೆಗಳನ್ನು ಯಾರೂ ಕೇಳುವುದಿಲ್ಲವಲ್ಲ ಎಂದು ಇಮ್ತಿಯಾಜ ಗೊಣಗಿದ. ಕೇಳದಿದ್ದದ್ದಕ್ಕೇ ಕೇಳಬೇಕು ಎಂದಳು.

ಗದಗಿನ ಮಾಸ್ತರರೊಬ್ಬರು ಮಾತಾಡಿದರು. ಮೊಣಕಾಲು ನೋವು ಹೋಗಿದೆ, ರಾತ್ರಿ ಬಜಿ ತಿನ್ನುವ ಚಟ ಬಿಟ್ಟಿದೆ, ಊಟ ಎರಡು ರೊಟ್ಟಿಗೆ ಸಾಕು, ಭಾರಿ ಚಲೋ ಆಗೇತ್ರಿ ಎಂದು ನಕ್ಕರು. ಅದು ನಿಜವಾದ ಹಸಿರು. ಅಂಥವರೇ ಹೆಚ್ಚು ಇದ್ದರು. ನಡುವೆ ಇಳಕಲ್ಲಿನ ಒಬ್ಬ ಹೆಂಗಸಿನ ದನಿ ಬಂತು. ಮೊಮ್ಮಗಳು ಬಂದು ತೊಡೆಯ ಮೇಲೆ ಕೂತರೆ ಇಳಿಸಿಬಿಡೋಣ ಅನ್ನಿಸುತ್ತದೆ, ಯಾಕೋ ಸಾಕನಿಸ್ತೇತಿ ಎಂದಿತು ಆ ದನಿ. ಹಸಿರು. ಮಂಡ್ಯದ ಕಡೆಯವರೊಬ್ಬರು, ಏನೂ ತೊಂದ್ರೆ ಇಲ್ಲ ಕಣಪ್ಪ, ಸಾಕಾಗೈತೆ ಅಷ್ಟೆಯಾ ಎಂದು ಫೋನಿಟ್ಟರು. ಹಸಿರು. ಆ ಫೋನಿಟ್ಟ ಸದ್ದಿನ ಆಚೆಗೆ ಏನಿದೆ ಎಂದು ಕಿವಿ ಕೇಳಿರಲಿಲ್ಲ.

ಇಮ್ತಿಯಾಜನ ಆಕಳಿಕೆ ಹೋಗಿತ್ತು. "ಮೇಡಂ, ಇವ್ರು ಹೇಳಾಕತ್ತಿದ್ರಲ್ರಿ. ನಾವ ಕೇಳಿಲ್ಲ," ಎಂದ.

ಕಾರಣ ತಿಳಿಯಲು ದೊಡ್ಡ ಪಾಂಡಿತ್ಯ ಬೇಕಾಗಿರಲಿಲ್ಲ. ಮಿದುಳಿನಲ್ಲಿ ಬೇಕು ಎನ್ನುವ ಆಸೆ ಹಾಯುವ ಬಾಗಿಲು ಒಂದೇ. ರೊಟ್ಟಿ ಬೇಕೆನ್ನುವುದೂ, ಕುಸ್ತಿ ನೋಡಬೇಕೆನ್ನುವುದೂ, ಮೊಮ್ಮಗಳನ್ನು ಎತ್ತಿಕೊಳ್ಳಬೇಕೆನ್ನುವುದೂ ಅದೇ ಬಾಗಿಲಿನಿಂದ ಬರುತ್ತವೆ. ಕೆಲವರ ಮೈಯಲ್ಲಿ ಗುಳಿಗೆಗೆ ಯಾವ ಆಸೆ ಯಾವುದೆಂದು ಗುರುತು ಹತ್ತುತ್ತಿರಲಿಲ್ಲ, ಎದ್ದು ಬಂದದ್ದನ್ನೆಲ್ಲ ಕೆಳಗೆ ಕೂಡಿಸಿಬಿಡುತ್ತಿತ್ತು. ಇಂಥ ಅನುಮಾನವನ್ನು ಮೊದಲೇ ಯಾರೋ ಎತ್ತಿದ್ದರು, ಆದರೆ ಕಿವಿಯ ಹಸಿರು ನೋಡಿ ಬಾಯಿ ಮುಚ್ಚಿಕೊಂಡಿದ್ದರು.

ಕಿವಿಯನ್ನು ಹೇಗೆ ತಿದ್ದಬೇಕೆಂದು ಇಮ್ತಿಯಾಜ ಕೇಳಿದ. ದನಿಯ ಏರಿಳಿತ ಅಳೆಯೋಣವೇ, ಹೊಸ ಪದಗಳನ್ನು ಕೂಡಿಸೋಣವೇ ಎಂದೆಲ್ಲ ಯೋಚಿಸಿದ. ದಾಕ್ಷಾಯಣಿಗೆ ಅಪ್ಪನ ಕಾಯಿದೆ ನೆನಪಾಯಿತು. ಏನೂ ಬೇಡ, ಸಾಕು ಎಂದವರಿಗೆ 'ಏನು ಸಾಕು?' ಎಂದು ಇನ್ನೊಂದು ಸಲ ಕೇಳಲು ಹೇಳು ಎಂದಳು. ಅಂದೇ ಕಿವಿ ಮತ್ತೆ ಫೋನು ಮಾಡಲು ಕೂತಿತು.

ಹೆಚ್ಚಿನವರು ಎರಡನೆಯ ಪ್ರಶ್ನೆಗೆ, ಊಟಾನಪ್ಪಾ, ಮತ್ತೇನು ಎಂದು ಗದರಿದರು. ಉಳಿದವರು ತಮಗೆ ಏನೇನು ಸಾಕಾಗಿದೆ ಎಂದು ನಿಧಾನವಾಗಿ ಹೇಳತೊಡಗಿದರು. ಪರದೆಯ ಹಸಿರಿನ ನಡುವೆ ಅಲ್ಲಲ್ಲಿ ಹಳದಿ ಮೂಡಿತು, ಸಂಜೆಯ ಹೊತ್ತಿಗೆ ಯಾರೂ ಅಲ್ಲಗಳೆಯಲಾರದಷ್ಟಾಯಿತು. ದಾಕ್ಷಾಯಣಿ ಬರೆದಿಟ್ಟಿದ್ದ ಅಭಿಪ್ರಾಯವನ್ನು ಅಳಿಸಿ ಹೊಸದನ್ನು ಬರೆದಳು. ಔಷಧ ಬೇಡವೆಂದು ಬರೆಯಲಿಲ್ಲ. ಆ ಗದಗಿನ ಮಾಸ್ತರರ ನಗುವೂ ನಿಜವೇ. ಚೀಟಿ ಇರಲೇಬೇಕು, ಹಾಕಿದ ಡಾಕ್ಟರು ಮತ್ತೆ ಮತ್ತೆ ನೋಡಲೇಬೇಕು, ಮನೆಯವರನ್ನೂ ಕೇಳಬೇಕು ಎಂದು ಬರೆದು ಸಹಿ ಮಾಡಿದಳು. ಸಮಿತಿಯವರು ಕೊಸರಾಡಿದರು, ಕಡೆಗೆ ದನಿಗಳನ್ನು ತಾವೇ ಕೇಳಿ ಒಪ್ಪಿದರು.

ಲಕ್ಷಾಂತರ ಜನರ ವಿಷಯ ಒಂದು ಸಹಿಯಿಂದ ನೇರವಾಯಿತು. ಒಬ್ಬ ಅಣ್ಣನದು ಆಗಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಎಲ್ಲವನ್ನೂ ಕೇಳಿ, ಗುಳಿಗೆ ತೆಗೆಯಬಹುದು ಎಂದರು. ಹೃದಯ ಈಗ ಸುಧಾರಿಸಿದೆ, ಹಳೆಯ ಕಾಲದ ಸೂಜಿಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ಊಟ ನಡಿಗೆ ನೋಡಿಕೊಂಡರೆ ತೂಕ ಕೈಮೀರುವುದಿಲ್ಲ. ಆದರೆ ಹಾಕಿಸಿಕೊಂಡವರು ತಾವೇ ಬೇಕೆಂದು ಕೇಳದೆ ತೆಗೆಯುವಂತಿಲ್ಲ, ಕಾನೂನು ಹಾಗಿದೆ. ಈಚೆಗೆ ಇನ್ನೂ ಹಲವರ ಮನೆಯವರು ಬಂದು ಹೋದರು, ಕರೆದುಕೊಂಡು ಬನ್ನಿ ಎಂದರೆ ಯಾರೂ ಬರುತ್ತಿಲ್ಲ ಎಂದೂ ಹೇಳಿದರು. ಬೇಕು ಎನ್ನುವುದನ್ನೇ ಕಳೆದುಕೊಂಡವರು ಯಾವ ಬಾಯಿಂದ ಬೇಕು ಎಂದು ಕೇಳಬೇಕು? ದಾಕ್ಷಾಯಣಿಗೆ ಹೆದರಿಕೆಯಾದದ್ದು ಆಗ. ಅಣ್ಣ ಹೀಗೇ ಆರೋಗ್ಯವಾಗಿ, ಶಾಂತವಾಗಿ, ಯಾರಿಗೂ ಏನೂ ಅಲ್ಲದವನಾಗಿ ಇನ್ನೂ ಬಹಳ ವರ್ಷ ಬದುಕಿಬಿಡಬಹುದು.

ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ಖಾನಾವಳಿಗೆ ಹೋದಳು. ಬಸಲಿಂಗಪ್ಪ ಬೆಂಚು ಒರೆಸುತ್ತಿದ್ದ. ಅವನನ್ನು ಕೂಡಿಸಿ, ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು. ತಾನು ಕಲಿಸಿದ ಪದದ ತಪ್ಪನ್ನೂ ಹೇಳಿದಳು. ಅವನು ತಾಳ್ಮೆಯಿಂದ ಕೇಳಿದ. ಸಿಟ್ಟು ಮಾಡಿಕೊಳ್ಳಲಿಲ್ಲ. ಅವನು ಸಿಟ್ಟು ಮಾಡಿಕೊಂಡಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

"ಇರ್ಲಿ ಬಿಡು ತಂಗಿ," ಎಂದ. "ಮೈ ಹಗುರ ಐತಿ. ತ್ರಾಸಿಲ್ಲ. ಸಾಕು."

ದಾಕ್ಷಾಯಣಿ ಒಳಗೆ ಹೋಗಿ ತಾಟು ತಂದು ಅಣ್ಣನ ಮುಂದಿಟ್ಟಳು. ರೊಟ್ಟಿಯ ಬುಟ್ಟಿಯನ್ನು ತಾನೇ ಎತ್ತಿಕೊಂಡಳು. ಆ ಬುಟ್ಟಿಯನ್ನು ಅವನಲ್ಲದೆ ಇನ್ನೊಬ್ಬರು ಎತ್ತಿದ್ದನ್ನು ಮಹಾನಂದಾ ಅದೇ ಮೊದಲು ನೋಡಿದ್ದು. ಬಾಗಿಲಿಗೆ ಬಂದು ನಿಂತಳು.

ಒಂದು ರೊಟ್ಟಿ ನೀಡಿದಳು, ಉಂಡ. ಇನ್ನೊಂದಕ್ಕೆ ಸಾಕು ಎಂದ. ಅರ್ಧ ಮುರಿದು ಹಾಕಿದಳು, ಅದನ್ನೂ ಉಂಡ. ಮತ್ತೆ ಸಾಕು ಎಂದ.

"ಗುಳಿಗಿ ತೆಗಸೂಣೇನು ಅಣ್ಣಾ?"

"ಸಾಕು ಅಂದ್ನೆಲ್ಲ."

"ಅಪ್ಪ ಏನ್ ಹೇಳ್ತಿದ್ದ? ಬಾಯಿ ಮಾತು ಕೇಳಬ್ಯಾಡ, ಕೈ ನೋಡು ಅಂತಿದ್ದ," ಎಂದಳು ದಾಕ್ಷಾಯಣಿ. ಬುಟ್ಟಿ ಕೆಳಗಿಡಲಿಲ್ಲ. "ನಿನಗ ಖರೇನ ಎಲ್ಲಾ ಸಾಕಾಗಿದ್ರ ತಾಟಿನ ಮ್ಯಾಲೆ ಕೈ ಅಡ್ಡ ಹಿಡಿ. ಹಿಡಿದ್ರ ನಾ ಬುಟ್ಟಿ ಇಟ್ಟು ಧಾರವಾಡಕ್ಕ ಹೋಗ್ತೀನಿ. ಮತ್ತ ಕೇಳಂಗಿಲ್ಲ."

ಬಸಲಿಂಗಪ್ಪ ತಾಟನ್ನು ನೋಡಿದ. ಅವನ ಎಡಗೈ ತೊಡೆಯ ಮೇಲಿತ್ತು. ಅದನ್ನು ಎತ್ತಲು ಯಾವ ಕಷ್ಟವೂ ಇರಲಿಲ್ಲ; ಈಗ ಮೈ ಹಗುರವಾಗಿತ್ತಲ್ಲ. ಮಹಾನಂದಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಓಣಿಯಲ್ಲಿ ಯಾರೋ ಗಾಡಿ ನಿಲ್ಲಿಸಿ, ಊಟ ಐತೇನ್ರಿ ಎಂದು ಕೇಳಿ, ಉತ್ತರ ಬಾರದೆ ಹೋದರು.

ಅವನು ಆ ಕೈಯನ್ನು ತೊಡೆಯಿಂದ ಸ್ವಲ್ಪ ಎತ್ತಿದ. ಅದು ತಾಟಿನ ಅಂಚಿನವರೆಗೆ ಬಂದು ಅಲ್ಲೇ ನಿಂತಿತು. ಜನ್ಮವಿಡೀ ಊರಿನ ಕೈಗಳನ್ನು ನೋಡಿದವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತ.

"ಬರವಲ್ದು," ಎಂದ ಕೊನೆಗೆ, ಮೆಲ್ಲಗೆ. "ಕೈ ಮುಂದ ಬರವಲ್ದು ದಾಕ್ಷಾ."

ದಾಕ್ಷಾಯಣಿ ಅವನ ತಾಟಿಗೆ ರೊಟ್ಟಿ ಹಾಕಿದಳು. ಅದನ್ನು ಮುಗಿಸಿ ಕೈ ತೊಳೆದು, ನಡಿ ಹಂಗಾರ, ಡಾಕ್ಟರ ಕಡೆ ಹೋಗೂನು ಎಂದು ಅವನೇ ಮೊದಲು ಚಪ್ಪಲಿ ಮೆಟ್ಟಿದ.

ಗುಳಿಗೆ ತೆಗೆದ ಕೂಡಲೇ ಎಲ್ಲ ಸರಿಹೋಯಿತೆಂದರೆ ಅದು ಕಟ್ಟುಕತೆಯಾದೀತು. ಬಹಳ ದಿನ ಏನೂ ಆಗಲಿಲ್ಲ. ಸೂಜಿ ಶುರುವಾಯಿತು, ಒಂದಿಷ್ಟು ವಾಕರಿಕೆ ಬಂತು, ತೂಕ ಸ್ವಲ್ಪ ಏರಿ ನಿಂತಿತು. ಡಾಕ್ಟರು ಆಗಾಗ ಕರೆಸಿ ನೋಡುತ್ತಿದ್ದರು. ಗುಳಿಗೆ ತೆಗೆಸಿದ ಮೇಲೂ ಕಿವಿ ಪ್ರತಿ ವಾರ ಫೋನು ಮಾಡಿ ಎರಡೆರಡು ಸಲ ಕೇಳುತ್ತಿತ್ತು. ಮಹಾನಂದಾ ತನ್ನದೇ ರೀತಿಯಲ್ಲಿ ಪರೀಕ್ಷೆ ನಡೆಸಿದ್ದಳು. ಆಗೊಮ್ಮೆ ಈಗೊಮ್ಮೆ ಗಂಡನ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿ, ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಅವನು ಸುಮ್ಮನೆ ಉಂಡು ಏಳುತ್ತಿದ್ದ, ಅವಳು ಸುಮ್ಮನೆ ಬಟ್ಟಲು ತೊಳೆಯುತ್ತಿದ್ದಳು. ದಾಕ್ಷಾಯಣಿ ಬಂದಾಗಲೆಲ್ಲ ವೈನಿಯ ಮುಖ ನೋಡುತ್ತಿದ್ದಳು, ವೈನಿ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು.

ಸಂತೆಯ ದಿನ ಒಂದು ಮಧ್ಯಾಹ್ನ, ಬೆಂಚುಗಳು ತುಂಬಿದ್ದಾಗ, ಮೂಲೆಯಲ್ಲಿ ಉಣ್ಣಲು ಕೂತಿದ್ದ ಬಸಲಿಂಗಪ್ಪ ಸಾರು ಬಾಯಿಗಿಟ್ಟು ಬಟ್ಟಲನ್ನು ಕುಕ್ಕಿದ.

"ಯಾರ್ ಮಾಡಿದ್ದು ಈ ಸಾರು? ಸಮುದ್ರ ತಂದು ಸುರುವಿರೇನು? ಮಂದಿ ಉಣಬೇಕಾ ಬ್ಯಾಡಾ ಇಲ್ಲೆ?"

ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು. ಅವನು ಇನ್ನೂ ಬೈಯುತ್ತಿದ್ದ. ಸಾರನ್ನು ಬೈದು, ಒಲೆಯನ್ನು ಬೈದು, ಈ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೆಂದು ಬೈದ. ಮಹಾನಂದಾ ಕಂಬದ ಹಿಂದಿನಿಂದ ಬಂದು, ಬೈಯಿಸಿಕೊಳ್ಳಲು ಅವನ ಮುಂದೆಯೇ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರೂ ಕಣ್ಣೀರು ಧಾರಾಳವಾಗಿ ಹರಿಯುತ್ತಿತ್ತು.

"ಇನ್ನೊಂಚೂರು ಬೈರಿ," ಎಂದಳು. "ಸಾಕಾಗಿಲ್ಲ."